ಛತ್ರಿ, ಮೆಟ್ಟಿಲು, ಬೆಕ್ಕು: ಕಾಲುಚೀಲದಲ್ಲಿ ಯಾವ ಚಿತ್ರಕ್ಕೆ ಯಾವ ಹೆಣಿಗೆ?

ದಿನವೂ ಕಣ್ಣಿಗೆ ಬೀಳುವ ವಸ್ತುಗಳನ್ನು ಕಾಲುಚೀಲದ ಮೇಲೆ ಬಣ್ಣದಲ್ಲಿ ತರಬೇಕು ಅಂದರೆ ಮುಖ್ಯವಾಗಿ ಮೂರು ದಾರಿಗಳಿವೆ. ಒಂದೇ ಸುತ್ತಿನಲ್ಲಿ ಎರಡು ಬಣ್ಣದ ನೂಲನ್ನು ಜೊತೆಗೇ ಒಯ್ಯುವುದು ಸ್ಟ್ರ್ಯಾಂಡೆಡ್ ಹೆಣಿಗೆ. ಒಂದು ಸುತ್ತಿಗೆ ಒಂದೇ ನೂಲು ಹಿಡಿದು, ಇನ್ನೊಂದು ಬಣ್ಣದ ಸ್ಟಿಚ್‌ಗಳನ್ನು (ಕಡ್ಡಿಯ ಮೇಲಿನ ನೂಲಿನ ಕುಣಿಕೆಗಳನ್ನು) ಹೆಣೆಯದೆ ಸುಮ್ನೆ ಕಡ್ಡಿಯಿಂದ ಕಡ್ಡಿಗೆ ಜಾರಿಸುವುದು ಮೊಸಾಯಿಕ್. ಮೊದಲು ಪೂರ್ತಿ ಒಂದೇ ಬಣ್ಣದಲ್ಲಿ ಹೆಣೆದು, ಆಮೇಲೆ ಸೂಜಿಯಿಂದ ಒಂದೊಂದು ಸ್ಟಿಚ್‌ನ ಮೇಲೂ ಬೇರೆ ಬಣ್ಣ ಹಾಯಿಸುವುದು ಡೂಪ್ಲಿಕೇಟ್ ಸ್ಟಿಚ್.

ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು ಅಂತ ಒಂದೇ ಮೂರು ಚಿತ್ರಗಳನ್ನು ಮೂರರಲ್ಲೂ ಹೆಣೆದೆ: ಸಾಲಾಗಿ ಬಿಚ್ಚಿದ ಛತ್ರಿಗಳು, ಏರುವ ಮೆಟ್ಟಿಲು, ಕುಳಿತ ಬೆಕ್ಕು. ನೂಲು ಎಲ್ಲದಕ್ಕೂ ಒಂದೇ, 75% ಉಣ್ಣೆ ಮತ್ತು 25% ನೈಲಾನ್ ಇರುವ ಮಾಮೂಲಿ ಸಾಕ್ಸ್ ನೂಲು. ಮೊಸಾಯಿಕ್ ಮತ್ತು ಡೂಪ್ಲಿಕೇಟ್‌ಗೆ 2.25 ಮಿ.ಮೀ. ಕಡ್ಡಿಯಲ್ಲಿ ಸುತ್ತಿಗೆ 64 ಸ್ಟಿಚ್ ಹಾಕಿದೆ. ಸ್ಟ್ರ್ಯಾಂಡೆಡ್ ಹೆಣಿಗೆ ಬಿಗಿಯಾಗುತ್ತದೆ, ಹಾಗಾಗಿ ಅದಕ್ಕೆ 2.5 ಮಿ.ಮೀ. ಕಡ್ಡಿ, 72 ಸ್ಟಿಚ್.

ಮೊದಲು ಸ್ಟ್ರ್ಯಾಂಡೆಡ್ ವಿಷಯ. ಇದರಲ್ಲಿ ಹೇಳುವುದು ಜಾಸ್ತಿ ಇದೆ.

ಇಲ್ಲಿ ಎಲ್ಲವನ್ನೂ ತೀರ್ಮಾನಿಸುವುದು ಫ್ಲೋಟ್, ಅಂದರೆ ಆ ಹೊತ್ತಿಗೆ ಕೆಲಸವಿಲ್ಲದ ಬಣ್ಣ ಹಿಂದುಗಡೆ ಅಡ್ಡಕ್ಕೆ ಹಾಯ್ದುಹೋಗುವ ಎಳೆ. ಸ್ವೆಟರಿನಲ್ಲಿ ಫ್ಲೋಟ್ ಸ್ವಲ್ಪ ಉದ್ದವಾದರೂ ನಡೆಯುತ್ತದೆ. ಕಾಲುಚೀಲದಲ್ಲಿ ಹಾಗಲ್ಲ. ಹಾಕಿಕೊಳ್ಳುವಾಗ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ, ಎಳೆ ಕಿತ್ತು ಬರುತ್ತದೆ. ಐದು ಸ್ಟಿಚ್ ದಾಟಿದರೆ ಎಳೆಯನ್ನು ಮಧ್ಯದಲ್ಲಿ ಸಿಕ್ಕಿಸಬೇಕು. ಸಿಕ್ಕಿಸಿದ ಜಾಗ ತೆಳು ನೂಲಿನಲ್ಲಿ ಮುಂದುಗಡೆ ಚುಕ್ಕೆಯಾಗಿ ಇಣುಕುತ್ತದೆ. ಆದ್ದರಿಂದ ಒಂದೇ ಬಣ್ಣ ಐದಕ್ಕಿಂತ ಹೆಚ್ಚು ಸ್ಟಿಚ್ ಒಟ್ಟಿಗೆ ಬರದ ಹಾಗೆ ಚಿತ್ರವನ್ನೇ ಬರೆಯುವುದು ಒಳ್ಳೆಯದು.

ಛತ್ರಿಯಲ್ಲಿ ಈ ಕಟ್ಟುಪಾಡು ನನಗೆ ತುಂಬಾ ಇಷ್ಟವಾಯಿತು. ಛತ್ರಿ 11 ಸ್ಟಿಚ್ ಅಗಲ, ಪಕ್ಕದ ಛತ್ರಿಗೂ ಅದಕ್ಕೂ ನಡುವೆ 1 ಸ್ಟಿಚ್ ಬಿಡುವು, ಒಟ್ಟು 12. ಎಪ್ಪತ್ತೆರಡಕ್ಕೆ ಸರಿಯಾಗಿ ಆರು ಛತ್ರಿ. ಆದರೆ ಬಟ್ಟೆಯ ಭಾಗವನ್ನು ಪೂರ್ತಿ ಬಣ್ಣ ತುಂಬಿದರೆ ಹಿಂದೆ 11 ಸ್ಟಿಚ್ ಉದ್ದದ ಫ್ಲೋಟ್ ಆಗುತ್ತದೆ. ಅದಕ್ಕೆ 3, 1, 3, 1, 3 ಅಂತ ಒಡೆದೆ. ನಡುವಿನ ಒಂದೊಂದು ಸ್ಟಿಚ್ ಹಿನ್ನೆಲೆಯ ಬಣ್ಣದ್ದು. ಅವೇ ಛತ್ರಿಯ ಕಡ್ಡಿಗಳಾದವು! ತುಂಬಿದ ಛತ್ರಿ ಅಣಬೆಯ ಹಾಗೆ ಕಾಣುತ್ತಿತ್ತು. ಗೆರೆ ಬಂದ ಮೇಲೆ ಯಾರು ನೋಡಿದರೂ ಛತ್ರಿಯೇ.

ಹಿಡಿಯ ಭಾಗದಲ್ಲಿ ಇದೇ ಸಮಸ್ಯೆ ತಿರುವುಮುರುವು. ಹಿಡಿ ಒಂದೇ ಸ್ಟಿಚ್, ಮುಂದಿನ ಹಿಡಿಗೆ 11 ಸ್ಟಿಚ್ ದೂರ. ಆ ದೂರದ ಸರಿ ಮಧ್ಯಕ್ಕೆ, ಎರಡು ಛತ್ರಿಗಳ ನಡುವಿನ ಬಿಡುವಿನ ಕೆಳಗೆ, ಒಂದು ಸ್ಟಿಚ್ ಛತ್ರಿಯ ಬಣ್ಣದಲ್ಲೇ ಹೆಣೆದೆ. ಈಗ ಹಿಡಿ, ಐದು ಬಿಡುವು, ಒಂದು ಚುಕ್ಕೆ, ಐದು ಬಿಡುವು. ಛತ್ರಿಗಳ ಸಂದಿಯಲ್ಲಿ ಮಳೆಹನಿ ಬಿದ್ದ ಹಾಗಾಯಿತು. ಅದು ನಾನು ಮೊದಲು ಬರೆದ ಚಿತ್ರದಲ್ಲಿ ಇರಲೇ ಇಲ್ಲ. ಹೆಣಿಗೆಯೇ ಕೇಳಿ ಹಾಕಿಸಿಕೊಂಡಿತು.

ಮೆಟ್ಟಿಲು ಸ್ಟ್ರ್ಯಾಂಡೆಡ್‌ನಲ್ಲಿ ಸಲೀಸು. ನಾಲ್ಕು ಸ್ಟಿಚ್ ಅಗಲ, ನಾಲ್ಕು ಸುತ್ತು ಎತ್ತರ, ಮತ್ತೆ ನಾಲ್ಕು ಸ್ಟಿಚ್ ಪಕ್ಕಕ್ಕೆ. ಓರೆಯಾಗಿ ಸಾಗುವ ವಿನ್ಯಾಸಗಳಿಗೆ ಇನ್ನೊಂದು ಗುಣವಿದೆ. ಬಣ್ಣ ಬದಲಾಗುವ ಜಾಗ ಮೇಲೆ ಹೋಗುತ್ತಾ ಸರಿಯುತ್ತಿರುತ್ತದೆ, ಹಾಗಾಗಿ ಬಿಗಿತ ಎಲ್ಲ ಕಡೆಗೂ ಹಂಚಿಹೋಗುತ್ತದೆ. ಶೆಟ್‌ಲೆಂಡ್ ದ್ವೀಪಗಳ ಫೇರ್ ಐಲ್ ವಿನ್ಯಾಸಗಳಲ್ಲಿ ಓರೆ ಗೆರೆಗಳು ಅಷ್ಟೊಂದು ಇವೆ, ಮತ್ತು ಒಂದು ಸಾಲಿಗೆ ಎರಡೇ ಬಣ್ಣ ಅನ್ನುವ ಪದ್ಧತಿಯೂ ಅಲ್ಲಿದೆ. ಹೆಣೆದು ನೋಡಿದರೆ ಎರಡೂ ಎಷ್ಟು ಅನುಭವದ ಮಾತು ಅಂತ ಕೈಗೇ ತಿಳಿಯುತ್ತದೆ.

ಬೆಕ್ಕು ಮಾತ್ರ ಸ್ಟ್ರ್ಯಾಂಡೆಡ್‌ಗೆ ಒಗ್ಗಲಿಲ್ಲ. ಕುಳಿತ ಬೆಕ್ಕಿನ ಮೈ ಇಪ್ಪತ್ತು ಸ್ಟಿಚ್ ಅಗಲ, ಪೂರ್ತಿ ಒಂದೇ ಬಣ್ಣ. ಉದ್ದ ಫ್ಲೋಟ್‌ಗಳನ್ನು ಹಿಂದೆ ಬೇರೆಯೇ ಸ್ಟಿಚ್‌ಗಳಾಗಿ ಹೆಣೆದು ಮೇಲಕ್ಕೆ ಒಯ್ಯುವ ಲ್ಯಾಡರ್‌ಬ್ಯಾಕ್ ಅನ್ನುವ ಕ್ರಮವಿದೆ. ಅದರಿಂದ ಹೆಣಿಗೆ ಹಿಗ್ಗುವ ಗುಣ ಉಳಿಯಿತು, ಬೆಕ್ಕೂ ಚೆನ್ನಾಗಿಯೇ ಬಂತು. ಆದರೆ ಕೆಲಸ ನಿಧಾನ. ಒಂದೇ ಬೆಕ್ಕಿಗಾಗಿ ಇಡೀ ಸುತ್ತು ಎರಡನೇ ನೂಲನ್ನು ಹೊತ್ತು ತಿರುಗಬೇಕು. ಬೆಕ್ಕಿನ ಬದಲು ಅದರ ಹೆಜ್ಜೆ ಗುರುತು ಹಾಕಿದೆ, ಐದು ಸ್ಟಿಚ್ ಅಗಲದ್ದು. ಕಾಲಿನ ಸುತ್ತ ಹೆಜ್ಜೆಗಳು ಏರಿಹೋದವು. ಇಡೀ ಬೆಕ್ಕಿಗಿಂತ ಇದರಲ್ಲೇ ಬೆಕ್ಕು ಜಾಸ್ತಿ ಕಾಣುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಇಲ್ಲಿಂದ ನಾನು ಚಿತ್ರ ಹುಡುಕುವ ರೀತಿಯೇ ಬದಲಾಯಿತು. ಕಾಲುಚೀಲ ಒಂದು ಕೊಳವೆ, ಅದಕ್ಕೆ ಮತ್ತೆ ಮತ್ತೆ ಬರುವುದು ಬೇಕು. ಮನೆಯೊಳಗೆ ಕಣ್ಣಾಡಿಸುವಾಗ ವಸ್ತುಗಳನ್ನು ಹುಡುಕುವುದಕ್ಕಿಂತ ಸಾಲುಗಳನ್ನು ಹುಡುಕಬೇಕು. ಕಿಟಕಿಯ ಸರಳು, ಬಾಚಣಿಗೆಯ ಹಲ್ಲು, ತಂತಿಯ ಮೇಲಿನ ಬಟ್ಟೆ ಕ್ಲಿಪ್ಪುಗಳು, ಇಟ್ಟಿಗೆ ಗೋಡೆ, ಗೊಂಚಲಿನ ಬೀಗದ ಕೈಗಳು. ಒಂಟಿ ಲೋಟ, ಒಂಟಿ ಕುರ್ಚಿ ಕಷ್ಟ.

ಸ್ಟ್ರ್ಯಾಂಡೆಡ್‌ನ ದೊಡ್ಡ ತೊಂದರೆ ಹಿಗ್ಗು ಕಡಿಮೆಯಾಗುವುದು. ಕಾಲುಚೀಲ ದಾಟಬೇಕಾದ ಅತಿ ಅಗಲದ ಜಾಗ ಪಾದವಲ್ಲ, ಹಿಮ್ಮಡಿಯ ತುದಿಯಿಂದ ಪಾದದ ಮೇಲ್ಭಾಗಕ್ಕೆ ಓರೆಯಾಗಿ ಹಿಡಿದ ಸುತ್ತಳತೆ. ಪಾದದ ಸುತ್ತಳತೆ 23 ಸೆಂ.ಮೀ. ಇರುವವರಿಗೂ ಅದು 30 ದಾಟುವುದು ಸಾಮಾನ್ಯ. ಒಂದು ಬಣ್ಣದ ಹೆಣಿಗೆ ಅಷ್ಟು ಹಿಗ್ಗುತ್ತದೆ, ಎರಡು ಬಣ್ಣದ್ದು ತಡೆಯುತ್ತದೆ. ಆದ್ದರಿಂದ ಚಪ್ಪಟೆ ತುಂಡು ಹೆಣೆದು ಅಳತೆ ನೋಡಿದರೆ ಸಾಲದು. ಸಣ್ಣ ಕೊಳವೆಯನ್ನೇ ಹೆಣೆದು ಹಿಮ್ಮಡಿ ದಾಟಿಸಿ ನೋಡಿ. ಹೆಣಿಗೆಯ ಒಳಭಾಗ ಹೊರಗೆ ಬರುವ ಹಾಗೆ ತಿರುಗಿಸಿಕೊಂಡು ಹೆಣೆದರೆ ಫ್ಲೋಟ್‌ಗಳು ಕೊಳವೆಯ ಹೊರಸುತ್ತಿನಲ್ಲಿ ಹಾಯುತ್ತವೆ, ತಾವಾಗಿಯೇ ಸ್ವಲ್ಪ ಉದ್ದ ಬರುತ್ತವೆ. ಬಿಗಿ ಕೈಯವರಿಗೆ ಇದು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ಬಿಡಬಾರದ್ದು. ಎರಡು ನೂಲುಗಳಲ್ಲಿ ಹಿಂದುಗಡೆ ಕೆಳಗಿನಿಂದ ಬರುವ ನೂಲಿನ ಸ್ಟಿಚ್ ತುಸು ದೊಡ್ಡದಾಗಿ ಎದ್ದು ಕಾಣುತ್ತದೆ. ಚಿತ್ರದ ಬಣ್ಣ ಯಾವಾಗಲೂ ಕೆಳಗಿರಲಿ. ಒಂದು ಕಾಲುಚೀಲದಲ್ಲಿ ಕೆಳಗೆ, ಇನ್ನೊಂದರಲ್ಲಿ ಮೇಲೆ ಹಿಡಿದರೆ ಜೋಡಿ ಹೊಂದುವುದಿಲ್ಲ.

ಈಗ ಮೊಸಾಯಿಕ್. ಎರಡು ನೂಲು ಒಟ್ಟಿಗೆ ಹಿಡಿಯಲು ಇನ್ನೂ ಕೈ ಕೂಡದವರಿಗೆ ಇದು ಬಹಳ ಹಿತ. ಚಾರ್ಟಿನ (ಚೌಕುಳಿಯಲ್ಲಿ ಬರೆದುಕೊಂಡ ಚಿತ್ರದ) ಒಂದು ಸಾಲು ಅಂದರೆ ಒಂದೇ ಬಣ್ಣದ ಎರಡು ಸುತ್ತು, ಅಷ್ಟೇ. ಆದರೆ ಚಿತ್ರ ಬರೆಯುವವರಿಗೆ ನಿಯಮ ಬಿಗಿ. ಜಾರಿಸುವ ಸ್ಟಿಚ್‌ಗೆ ಕೆಳಗಿನ ಸಾಲಿನಲ್ಲೂ ಅದೇ ಬಣ್ಣ ಇರಲೇಬೇಕು, ಯಾಕೆಂದರೆ ಅಲ್ಲಿಂದಲೇ ಅದನ್ನು ಮೇಲಕ್ಕೆ ಎಳೆಯುವುದು. ಅಕ್ಕಪಕ್ಕ ಮೂರಕ್ಕಿಂತ ಜಾಸ್ತಿ ಜಾರಿಸಿದರೆ ಹೆಣಿಗೆ ಸುಕ್ಕಾಗುತ್ತದೆ. ಹೀಗಾಗಿ ನೆಟ್ಟಗಿನ ಗೆರೆ, ಅಡ್ಡ ಗೆರೆ, ಮೂಲೆ ಇವೆಲ್ಲ ಚೆನ್ನ. ಬಾಗಿದ ಗೆರೆ ಆಗದು. ಛತ್ರಿಯ ಕಮಾನು ಮುರಿದು ಗುಡಿಸಲಿನ ಮಾಡಾಯಿತು. ಬೆಕ್ಕನ್ನು ಗುರುತಿಸಲಾಗಲಿಲ್ಲ.

ಮೆಟ್ಟಿಲು ಮಾತ್ರ ಮೂರರಲ್ಲೂ ಇಲ್ಲೇ ಚೆಂದ. ಗೆರೆ ಚೂಪಾಗಿ ಬಂದು, ಜಾರಿಸಿದ ಸ್ಟಿಚ್‌ಗಳು ಸ್ವಲ್ಪ ಉಬ್ಬಿ, ಮೆಟ್ಟಿಲಿಗೆ ನಿಜವಾದ ಅಂಚು ಬಂತು. ಮೊಸಾಯಿಕ್ ಎತ್ತರದಲ್ಲಿ ಕುಗ್ಗುತ್ತದೆ, ಅದೇ ಉದ್ದಕ್ಕೆ ಸುತ್ತುಗಳು ಜಾಸ್ತಿ ಬೇಕು, ನೂಲೂ ಜಾಸ್ತಿ. ಇಡೀ ಕಾಲುಚೀಲಕ್ಕೆ ನಾನು ಇದನ್ನು ಬಳಸಲಾರೆ. ಬಾಯಿಯ ಪಟ್ಟಿಯ ಕೆಳಗೆ ಎರಡು ಬೆರಳಗಲ ಮತ್ತು ಹಿಮ್ಮಡಿಯಲ್ಲಿ ಬಳಸುತ್ತೇನೆ. ಹಿಮ್ಮಡಿಯ ಪಟ್ಟಿಯಲ್ಲಿ ಗಟ್ಟಿತನಕ್ಕಾಗಿ ಹೇಗೂ ಸ್ಟಿಚ್ ಜಾರಿಸುವ ರೂಢಿ ಇದೆಯಲ್ವಾ, ಅಲ್ಲಿ ಎರಡನೇ ಬಣ್ಣ ಸೇರಿಸಿದರೆ ಕಿಟಕಿಯ ಸರಳುಗಳು ತಯಾರು.

ಡೂಪ್ಲಿಕೇಟ್ ಸ್ಟಿಚ್‌ಗೆ ಯಾವ ಕಟ್ಟುಪಾಡೂ ಇಲ್ಲ. ಫ್ಲೋಟ್ ಇಲ್ಲ, ಭಾಗಿಸುವ ಲೆಕ್ಕ ಇಲ್ಲ, ಬಣ್ಣ ಎಷ್ಟಾದರೂ ಆಗಬಹುದು. ಬೆಕ್ಕು ಇಲ್ಲಿ ಮೀಸೆ ಸಮೇತ ಬಂತು. ಮೊದಲ ನೋಟಕ್ಕೆ ಇದೇ ಗೆದ್ದಿತು ಅನ್ನಿಸುತ್ತದೆ. ಹಾಕಿಕೊಂಡು ನೋಡಿದ ಮೇಲೆ ಹಾಗಲ್ಲ. ಕಾಲುಚೀಲ ಹಿಗ್ಗಿದಾಗ ಅಡಿಯ ಬಣ್ಣ ಸಂದಿಗಳಲ್ಲಿ ಕಾಣುತ್ತದೆ. ಕಡು ಬಣ್ಣದ ಮೇಲೆ ತಿಳಿ ಬಣ್ಣ ಹಾಕಿದರೆ ಇನ್ನೂ ಹೆಚ್ಚು. ಹೊಲಿದ ಜಾಗ ಎರಡು ಪದರ ದಪ್ಪ, ಅದೂ ಒಂದೇ ತೇಪೆಯಾಗಿ. ಶೂ ಒಳಗೆ ಬರುವ ಪಾದದ ಭಾಗದಲ್ಲಿ ಅದು ಉಜ್ಜುತ್ತದೆ. ಇಪ್ಪತ್ತು ಸ್ಟಿಚ್ ಅಗಲದ ಬೆಕ್ಕನ್ನು ಹೀಗೆ ತುಂಬುವುದು ಒಂದು ಕಾಲುಚೀಲದಲ್ಲಿ ಖುಷಿ. ಎರಡನೆಯದರಲ್ಲಿ ತಾಳ್ಮೆ ಬೇಕು.

ಇದರ ನಿಜವಾದ ಬೆಲೆ ಸಣ್ಣ ಕೆಲಸದಲ್ಲಿದೆ. ಆರು ನೀಲಿ ಛತ್ರಿಗಳಲ್ಲಿ ಒಂದನ್ನು ಮಾತ್ರ ಕೆಂಪು ಮಾಡಿದೆ. ಸ್ಟ್ರ್ಯಾಂಡೆಡ್‌ನಲ್ಲಿ ಮಾಡಿದ್ದರೆ ಮೂರನೇ ನೂಲನ್ನು ಸುತ್ತಲೂ ಎಳೆದುಕೊಂಡು ಹೋಗಬೇಕಿತ್ತು. ಇಲ್ಲಿ ಹೆಣೆದು ಮುಗಿದ ಮೇಲೆ ಆ ಒಂದರ ಮೇಲೆ ಕೆಂಪು ಹಾಯಿಸಿದರಾಯಿತು. ಕೆಂಪು ನೂಲನ್ನು ಬಿಳಿಯ ಪಕ್ಕ ತರುವ ಮೊದಲು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ಬಣ್ಣ ಬಿಡುತ್ತದೆಯೇ ಅಂತ ನೋಡಿ.

ಚಾರ್ಟ್ ಬರೆಯುವುದರಲ್ಲೂ ಪೈಪೋಟಿ ಇದೆ. ಚೌಕುಳಿ ಪುಸ್ತಕ ಬೇಗ ಕೈಗೆ ಸಿಗುತ್ತದೆ, ಆದರೆ ಸ್ಟಿಚ್ ಚೌಕವಲ್ಲ, ಎತ್ತರಕ್ಕಿಂತ ಅಗಲ ಜಾಸ್ತಿ. ಒಂದು ಅಂಗುಲಕ್ಕೆ 8 ಸ್ಟಿಚ್, 11 ಸುತ್ತು ಬರುವ ಹೆಣಿಗೆಯಲ್ಲಿ 16ಕ್ಕೆ 16 ಮನೆಗಳಲ್ಲಿ ಬರೆದ ಚಿತ್ರ ಸುಮಾರು 5 ಸೆಂ.ಮೀ. ಅಗಲ, 3.7 ಸೆಂ.ಮೀ. ಎತ್ತರ ಆಗುತ್ತದೆ. ಬೆಕ್ಕು ಕುಳ್ಳಾಗುತ್ತದೆ. ಸ್ಟ್ರ್ಯಾಂಡೆಡ್‌ನಲ್ಲಿ ಸ್ಟಿಚ್ ಚೌಕಕ್ಕೆ ಹತ್ತಿರ ಬರುವುದರಿಂದ ಅದಕ್ಕೆ ಚೌಕುಳಿ ಪುಸ್ತಕ ಸಾಕು. ಡೂಪ್ಲಿಕೇಟ್‌ಗೆ ನಾನು ಗೂಗಲ್ ಶೀಟ್ಸ್ ಹಿಡಿದೆ. ಒಂದೊಂದು ಮನೆಯ ಅಗಲ 22 ಪಿಕ್ಸೆಲ್, ಎತ್ತರ 16 ಅಂತ ಇಟ್ಟರೆ ಅದೇ 11ಕ್ಕೆ 8ರ ಪ್ರಮಾಣ. ಕಾಪಿ ಮಾಡಿ ಪಕ್ಕಪಕ್ಕ ಅಂಟಿಸಿದರೆ ಇಡೀ ಸುತ್ತು ಕಣ್ಣ ಮುಂದೆ ಬರುತ್ತದೆ, ಎರಡು ಛತ್ರಿ ಸೇರುವ ಜಾಗದಲ್ಲಿ ಏನಾಗುತ್ತದೆ ಅಂತ ತಿಳಿಯುತ್ತದೆ. ಸ್ಟಿಚ್ ಫಿಡಲ್ ಅನ್ನುವ ಜಾಲತಾಣವೂ ಇದನ್ನೇ ಸಲೀಸಾಗಿ ಮಾಡಿಕೊಡುತ್ತದೆ. ಫೋಟೋವನ್ನು ತಾನೇ ಚಾರ್ಟ್ ಮಾಡುವ ಸೌಲಭ್ಯ ಮಾತ್ರ ಕಾಲುಚೀಲಕ್ಕೆ ಬೇಡ. ಅರವತ್ತು ಎಪ್ಪತ್ತು ಸ್ಟಿಚ್‌ನಲ್ಲಿ ಫೋಟೋ ಹಿಡಿಸುವುದಿಲ್ಲ, ಚದುರಿದ ಚುಕ್ಕೆಗಳಷ್ಟೇ ಸಿಗುತ್ತವೆ.

ಬಣ್ಣ ಆರಿಸುವಾಗ ಉಂಡೆಗಳನ್ನು ಪಕ್ಕಪಕ್ಕ ಇಟ್ಟು ಫೋನಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆಯಿರಿ. ಇಟ್ಟಿಗೆ ಕೆಂಪು, ಎಲೆ ಹಸಿರು ಬರಿಗಣ್ಣಿಗೆ ದೂರ ದೂರ. ಫೋಟೋದಲ್ಲಿ ಎರಡೂ ಒಂದೇ ಬೂದು ಬಂದರೆ ಹೆಣಿಗೆಯಲ್ಲಿ ಚಿತ್ರ ಮುಳುಗಿಹೋಗುತ್ತದೆ.

ಬೇರೆಯವರೂ ಹೆಣೆಯಲಿ ಅಂತ ಮಾದರಿ ಬರೆಯುವುದಾದರೆ ಅಳತೆಯನ್ನು ಮೊದಲೇ ಯೋಚಿಸಿ. 12 ಸ್ಟಿಚ್‌ನ ಛತ್ರಿ 60, 72, 84ಕ್ಕೆ ಕೂರುತ್ತದೆ, ಆದರೆ ಎಲ್ಲರೂ ಕೇಳುವ 64ಕ್ಕೆ ಕೂರುವುದಿಲ್ಲ. 8 ಸ್ಟಿಚ್‌ನ ವಿನ್ಯಾಸ 56, 64, 72 ಮೂರಕ್ಕೂ ಹೊಂದುತ್ತದೆ, ಅಳತೆಗಳ ನಡುವಿನ ಅಂತರವೂ ಚಿಕ್ಕದು. ಬೀಗದ ಕೈಯನ್ನು ನಾನು ಎಂಟರಲ್ಲೇ ಹಿಡಿಸಿದ್ದೇನೆ. ಛತ್ರಿಯನ್ನು ಎಂಟಕ್ಕೆ ಇಳಿಸಿದರೆ ಅದರ ಕಡ್ಡಿಗಳ ಗೆರೆ ಉಳಿಯುವುದಿಲ್ಲ. ಅದು ಹನ್ನೆರಡೇ ಇರಲಿ, ನಡುವಿನ ಅಳತೆ ಬೇಕಾದವರು ಹೆಣೆಯುವ ಕಡ್ಡಿಯ ದಪ್ಪ ಬದಲಿಸಿಕೊಳ್ಳಲಿ.

ಒಟ್ಟು ಕಾಲುಚೀಲವನ್ನು ಈಗ ನಾನು ಹೀಗೆ ಜೋಡಿಸುತ್ತೇನೆ: ಕಣಕಾಲಿನ ಭಾಗಕ್ಕೆ ಸ್ಟ್ರ್ಯಾಂಡೆಡ್, ಹಿಮ್ಮಡಿಗೆ ಜಾರಿಸಿದ ಸ್ಟಿಚ್, ಎಲ್ಲೋ ಒಂದು ಕಡೆ ಡೂಪ್ಲಿಕೇಟ್‌ನ ಒಂದು ಬಣ್ಣ. ಪಾದದ ಮೇಲ್ಭಾಗಕ್ಕೆ ಚಿತ್ರ ಮುಂದುವರಿದರೆ ಅಂಗಾಲಿಗೂ ಎರಡನೇ ನೂಲು ಹೋಗಲೇಬೇಕು. ಅಲ್ಲಿ ಒಂದು ಬಿಟ್ಟು ಒಂದು ಬಣ್ಣ ಹೆಣೆಯುವುದೇ ಸರಿ. ಎರಡು ಪದರವಾಗಿ ಬೆಚ್ಚಗಿರುತ್ತದೆ, ಬೇಗ ಸವೆಯುವುದಿಲ್ಲ, ಫ್ಲೋಟ್ ಒಂದೇ ಸ್ಟಿಚ್ ಉದ್ದ. ಶೂ ಬಿಗಿ ಇರುವವರಿಗೆ ಮಾತ್ರ ಚಿತ್ರವನ್ನು ಕಣಕಾಲಿನಲ್ಲೇ ಮುಗಿಸಿ, ಹಿಮ್ಮಡಿಯ ಕೆಳಗೆ ಪೂರ್ತಿ ಒಂದೇ ಬಣ್ಣದಲ್ಲಿ ಹೆಣೆದುಕೊಡುತ್ತೇನೆ.