ಜನವರಿಯ ಒಂದು ದಿನದ ತಿರುಗಾಟಕ್ಕೆ ಬಾಡಿಗೆ ಕ್ರೂಸರ್: ಕೊಪ್ಪಳದಿಂದ ಕುಕನೂರು, ಇಟಗಿ, ಲಕ್ಕುಂಡಿ

ಕೊಪ್ಪಳ, ಕುಷ್ಟಗಿ, ಗಂಗಾವತಿ ಕಡೆ ಹತ್ತು ಮಂದಿ ಎಲ್ಲಿಗೇ ಹೊರಟರೂ ಮೊದಲು ಬರುವ ಮಾತು "ಒಂದು ಕ್ರೂಸರ್ ಹೇಳಿಬಿಡ್ರಿ". ಸೀಮಂತ, ನಿಶ್ಚಿತಾರ್ಥ, ಜಾತ್ರೆ, ಆಸ್ಪತ್ರೆ ಎಲ್ಲಕ್ಕೂ ಅದೇ ಗಾಡಿ. ಹೊಸ ವರ್ಷದ ಮೊದಲ ವಾರಗಳಲ್ಲಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೋಗಿ ಸಂಜೆ ಮರಳುವುದಕ್ಕೂ ಇದು ಒಳ್ಳೆಯ ಗಾಡಿ. ಆದರೆ ಎರಡು ಷರತ್ತು ಇವೆ. ಹತ್ತು ಜನಕ್ಕಿಂತ ಹೆಚ್ಚು ಹತ್ತಬಾರದು, ದಿನದ ಓಟ ನೂರೈವತ್ತು ಕಿಲೋಮೀಟರ್ ಆಸುಪಾಸಿನಲ್ಲೇ ಇರಬೇಕು. ಇವೆರಡನ್ನು ಮೀರಿದರೆ ಅದೇ ಗಾಡಿ ಸೊಂಟ ಮುರಿಯುತ್ತದೆ, ದುಡ್ಡೂ ದಂಡ.

ಮೊದಲು ಗಾಡಿಯ ವಿಷಯ. ಹಿರಿಯರು ಇನ್ನೂ ಟ್ರಾಕ್ಸ್ ಅಂತಲೇ ಕರೆಯುತ್ತಾರೆ. ಕಂಪನಿ 2005ರವರೆಗೆ ಬಜಾಜ್ ಟೆಂಪೋ, ಆಮೇಲೆ ಫೋರ್ಸ್ ಮೋಟಾರ್ಸ್. 2,596 ಸಿಸಿ ಡೀಸೆಲ್ ಎಂಜಿನ್, ಐದು ಗೇರ್, ಎಳೆತವೆಲ್ಲ ಹಿಂದಿನ ಚಕ್ರಕ್ಕೆ. ಊರೊಳಗಿನ ಹಂಪು, ಹಳ್ಳದ ದಾರಿ, ಕಿತ್ತುಹೋದ ಡಾಂಬರು ಯಾವುದಕ್ಕೂ ಅಂಜುವುದಿಲ್ಲ. ಕಡಿಮೆ ವೇಗದಲ್ಲೂ ತುಂಬಿದ ಗಾಡಿಯನ್ನು ಎಳೆಯುವ ಕಸುವು ಇದರ ದೊಡ್ಡ ಗುಣ. ವೇಗಕ್ಕಾಗಿ ಮಾತ್ರ ಇದನ್ನು ಹಿಡಿಯಬೇಡಿ. ಹಳದಿ ಬೋರ್ಡಿನ ಗಾಡಿಗೆ ವೇಗಮಿತಿಯ ಸಾಧನ ಇರುತ್ತದೆ, ಗಂಟೆಗೆ 80ರ ಮೇಲೆ ಹೋಗುವುದಿಲ್ಲ. ಹೆದ್ದಾರಿ ಬಿಟ್ಟು ಹಳ್ಳಿ ದಾರಿ ಹಿಡಿದ ಮೇಲೆ ಸರಾಸರಿ 40 ಬಂದರೆ ಪುಣ್ಯ. ಮೊಬೈಲ್ ನಕ್ಷೆ ತೋರಿಸುವ ಸಮಯಕ್ಕೆ ಕಾಲು ಭಾಗ ಸೇರಿಸಿಕೊಂಡೇ ದಿನದ ಲೆಕ್ಕ ಹಾಕಿ.

ಸೀಟಿನ ವಿಷಯದಲ್ಲಿ ಬಹಳ ಮಂದಿ ಮೋಸ ಹೋಗುತ್ತಾರೆ. ಮಾಲೀಕರು "ಹನ್ನೆರಡು ಮಂದಿ ಆರಾಮ" ಅನ್ನುತ್ತಾರೆ. ಆರ್.ಸಿ.ಯಲ್ಲಿ ಎಷ್ಟು ಸೀಟು ಬರೆದಿದೆಯೋ ಅಷ್ಟೇ ಜನಕ್ಕೆ ಪರ್ಮಿಟ್, ಅಷ್ಟೇ ಜನಕ್ಕೆ ವಿಮೆ. ಅದನ್ನು ಒಮ್ಮೆ ಕೇಳಿ ನೋಡಿಕೊಳ್ಳಿ. ಆದರೆ ಕಾಗದದ ಲೆಕ್ಕ ಬೇರೆ, ಮೊಣಕಾಲಿನ ಲೆಕ್ಕ ಬೇರೆ. ಮುಂದೆ ನೋಡಿ ಕೂರುವ ಜಾಗ ಚಾಲಕರ ಪಕ್ಕ ಮತ್ತು ನಡುವಿನ ಸಾಲಿನಲ್ಲಿ ಮಾತ್ರ. ಹಿಂದಿರುವುದು ಎದುರುಬದುರು ಅಡ್ಡ ಸೀಟು. ಅಲ್ಲಿ ಕೂತವರ ಮೈ ಬ್ರೇಕ್ ಹಾಕಿದಾಗಲೆಲ್ಲ ಪಕ್ಕಕ್ಕೆ ವಾಲುತ್ತದೆ, ಕಣ್ಣಿಗೆ ಮುಂದಿನ ದಾರಿ ಕಾಣುವುದಿಲ್ಲ. ಮಕ್ಕಳು ವಾಂತಿ ಮಾಡುವುದು ಇದೇ ಕಾರಣಕ್ಕೆ. ಅಡ್ಡ ಸೀಟಿಗೆ ಪ್ರಾಯದವರನ್ನು ಕಳಿಸಿ, ಒಂದೊಂದು ಕಡೆ ಎರಡೆರಡು ಜನ ಸಾಕು. ಮಕ್ಕಳು, ಬಸುರಿಯರು, ಸೊಂಟನೋವಿನವರು ನಡುವಿನ ಸಾಲಿಗೆ. ಹಿಂದಿನ ಸೀಟಿನ ಬೆಲ್ಟ್ ಎಷ್ಟೋ ಗಾಡಿಗಳಲ್ಲಿ ಕುಶನ್ ಕೆಳಗೆ ಹೂತುಹೋಗಿರುತ್ತದೆ, ಹೊರಡುವ ಮುಂಚೆಯೇ ಎಳೆದು ಮೇಲೆ ತೆಗೆಸಿ. ಹಿಂಬಾಗಿಲಿನ ಮೆಟ್ಟಿಲು ಎತ್ತರ. ಸೀರೆ ಉಟ್ಟ ವಯಸ್ಸಾದವರು ದಿನಕ್ಕೆ ಎಂಟು ಹತ್ತು ಸಲ ಹತ್ತಿ ಇಳಿಯಬೇಕಾಗುತ್ತದೆ, ಒಂದು ಗಟ್ಟಿ ಮಣೆ ಜೊತೆಗಿರಲಿ.

ಗಾಡಿ ಒಪ್ಪಿಕೊಳ್ಳುವ ಮುಂಚೆ ಒಳಗೆ ಕೂತು ಹಿಂಬಾಗಿಲು ಹಾಕಿಸಿ. ಬಾಗಿಲಿನ ಸುತ್ತಲಿನ ರಬ್ಬರ್ ಪಟ್ಟಿಯನ್ನು ಮೇಲಿಂದ ಕೆಳಗೆ ಕಣ್ಣಾಡಿಸಿ ನೋಡಿ. ಎಲ್ಲಾದರೂ ಬೆಳಕಿನ ಗೆರೆ ಕಂಡರೆ ಅಲ್ಲಿಂದಲೇ ಧೂಳು ಬರುತ್ತದೆ. ಈ ಗಾಡಿಯ ಬೆನ್ನು ಚಪ್ಪಟೆ. ಓಡುವಾಗ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಚಕ್ರ ಎಬ್ಬಿಸಿದ ಮಣ್ಣೆಲ್ಲ ಅಲ್ಲೇ ಸುತ್ತುತ್ತಿರುತ್ತದೆ. ಹಿಂದಿನ ಕಿಟಕಿ ತೆರೆದರೆ ಒಳಗಿನ ಗಾಳಿ ಹೊರಹೋಗಿ, ಬಾಗಿಲಿನ ಸಂದಿನಿಂದ ಧೂಳನ್ನು ಒಳಗೆಳೆಯುತ್ತದೆ. ಸೆಖೆ ಅಂತ ಹಿಂದಿನ ಕಿಟಕಿ ತೆರೆದಷ್ಟೂ ತಲೆಕೂದಲು ಕೆಂಪಾಗುವುದು ಹೀಗೆ. ಮಣ್ಣಿನ ದಾರಿಯಲ್ಲಿ ಹಿಂದಿನ ಕಿಟಕಿ ಮುಚ್ಚಿ, ಮುಂದಿನದನ್ನು ನಾಲ್ಕು ಬೆರಳು ತೆರೆದು, ಹೊರಗಿನ ಗಾಳಿ ಬರುವಂತೆ ಬ್ಲೋವರ್ ಹಾಕಿಸಿ. ಬೆಳಗಿನ ಚಳಿಯಲ್ಲಿ ಹತ್ತು ಜನರ ಉಸಿರಿಗೆ ಗಾಜು ಮಂಜಾದರೂ ಇದೇ ಮದ್ದು. ಬಟ್ಟೆಯಿಂದ ಒರೆಸುತ್ತ ಕೂತರೆ ಎರಡು ನಿಮಿಷಕ್ಕೆ ಮತ್ತೆ ಮುಸುಕುತ್ತದೆ.

ಅದೇ ಹೊತ್ತಿಗೆ ಹಿಂಬಾಗಿಲಿನ ಒಳಗಿನ ಚಿಲಕ ಒಳಗಿನಿಂದಲೇ ತೆರೆಯುತ್ತದೆಯೇ ಅಂತಲೂ ನೋಡಿ. ತೆರೆಯದಿದ್ದರೆ ಆ ಗಾಡಿ ಬೇಡ, ಬಾಡಿಗೆ ಎಷ್ಟೇ ಕಡಿಮೆ ಇರಲಿ. ಅಪಘಾತವಾದರೆ ಹಿಂದೆ ಕೂತವರಿಗೆ ಅದೊಂದೇ ದಾರಿ. ಟೈರು, ಸ್ಟೆಪ್ನಿ, ಜಾಕ್ ನೋಡುವುದು ಎಲ್ಲರಿಗೂ ಗೊತ್ತಿರುವುದೇ. ಬಿಳಿ ಬೋರ್ಡಿನ ಗಾಡಿ ಅಗ್ಗಕ್ಕೆ ಸಿಗುತ್ತದೆ. ಬಾಡಿಗೆ ಕೊಟ್ಟು ಹೋಗುವಾಗ ಹೆಚ್ಚುಕಡಿಮೆ ಆದರೆ ವಿಮೆಯವರು ಕೈ ಎತ್ತಿಬಿಡುತ್ತಾರೆ.

ಇನ್ನು ದುಡ್ಡಿನ ಮಾತು. ಎರಡು ಪದ್ಧತಿ ಇವೆ. ಒಂದು ಕಿಲೋಮೀಟರ್ ಲೆಕ್ಕ: ದಿನಕ್ಕೆ ಕನಿಷ್ಠ 250 ಅಥವಾ 300 ಕಿಲೋಮೀಟರ್, ಅದಕ್ಕೆ ಚಾಲಕರ ಭತ್ಯೆ, ಟೋಲ್, ಪಾರ್ಕಿಂಗ್ ಬೇರೆ. ಇನ್ನೊಂದು ದಿನದ ಬಾಡಿಗೆ, "ಡೀಸೆಲ್ ನಿಮ್ಮದು". ಕೊಪ್ಪಳ, ಕುಕನೂರು, ಇಟಗಿ, ಲಕ್ಕುಂಡಿ ಸುತ್ತಿ ಮರಳಿದರೆ 130 ಕಿಲೋಮೀಟರ್ ಸುಮಾರು. ಮೊದಲ ಪದ್ಧತಿಯಲ್ಲಿ ಓಡದ 120 ಕಿಲೋಮೀಟರಿಗಾದರೂ ಸುಮ್ಮನೆ ಕೊಟ್ಟ ಹಾಗಾಯಿತು. ಆ ಸಂಕಟಕ್ಕೇ "ಕೊಟ್ಟಿದ್ದೇವಲ್ಲ, ಬಾದಾಮಿ, ಐಹೊಳೆ ಮುಗಿಸಿಬಿಡೋಣ" ಅಂತ ಹೊರಟು, ಯಾವುದನ್ನೂ ಸರಿಯಾಗಿ ನೋಡದೆ ರಾತ್ರಿ ಹನ್ನೊಂದಕ್ಕೆ ಮನೆ ಸೇರುವವರು ಬಹಳ. ಹತ್ತಿರದ ತಿರುಗಾಟಕ್ಕೆ ಎರಡನೆಯ ಪದ್ಧತಿಯೇ ಸರಿ. ತುಂಬಿದ ಕ್ರೂಸರ್ ಲೀಟರಿಗೆ 11ರಿಂದ 13 ಕೊಡುತ್ತದೆ ಅಂತ ಹಿಡಿದರೆ 130 ಕಿಲೋಮೀಟರಿಗೆ ಹೆಚ್ಚೆಂದರೆ 12 ಲೀಟರ್ ಸಾಕು. ಹೊರಡುವಾಗ ಚಾಲಕರ ಮುಂದೆಯೇ ಟ್ಯಾಂಕ್ ತುಂಬಿಸಿ ಮೀಟರಿನ ಫೋಟೋ ತೆಗೆದಿಟ್ಟುಕೊಳ್ಳಿ. ಆ ಮೊದಲ ತುಂಬಿಸುವಿಕೆ ಮಾಲೀಕರ ಖರ್ಚು ಅಂತ ಮುಂಚೆಯೇ ಮಾತಾಗಿರಬೇಕು.

ಯಾವ ದಿನ ಹೇಳಬೇಕು ಅನ್ನುವುದರಲ್ಲಿ ಅರ್ಧ ಲಾಭ ಇದೆ. ಧನುರ್ಮಾಸದಲ್ಲಿ, ಅಂದರೆ ಡಿಸೆಂಬರ್ ನಡುವಿನಿಂದ ಸಂಕ್ರಮಣದವರೆಗೆ, ಮದುವೆಗಳಿಲ್ಲ. ಗಾಡಿ ಖಾಲಿ ಇರಬೇಕು ಅನ್ನಿಸುತ್ತದೆ. ಆದರೆ ಅದೇ ಹೊತ್ತಿಗೆ ಅಯ್ಯಪ್ಪ ಮಾಲಾಧಾರಿಗಳು ಶಬರಿಮಲೆಗೆ ಗಾಡಿ ಹಿಡಿದಿರುತ್ತಾರೆ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಮತ್ತು ಸವದತ್ತಿ ಯಲ್ಲಮ್ಮನ ಕಡೆ ಓಟ. ಅದಾಗಿ ಎರಡನೇ ದಿನ, ಬಹುಳ ಬಿದಿಗೆಗೆ, ಕೊಪ್ಪಳದಲ್ಲೇ ಗವಿಸಿದ್ಧೇಶ್ವರನ ತೇರು. ಆ ವಾರ ಊರಿನ ಕ್ರೂಸರ್‌ಗಳೆಲ್ಲ ಹಳ್ಳಿಗಳಿಂದ ಜನ ತರುವುದರಲ್ಲೇ ಇರುತ್ತವೆ, ಬಾಡಿಗೆಯೂ ಏರಿರುತ್ತದೆ. ಪಂಚಾಂಗದಲ್ಲಿ ಹುಣ್ಣಿಮೆ ಎಂದು ಅಂತ ನೋಡಿ, ಅದರ ಹಿಂದುಮುಂದಿನ ಮೂರು ನಾಲ್ಕು ದಿನ ಬಿಟ್ಟು, ವಾರದ ನಡುವಿನ ಒಂದು ದಿನ ಹೇಳಿದರೆ ಗಾಡಿಯೂ ಒಳ್ಳೆಯದು ಸಿಗುತ್ತದೆ, ಚಾಲಕರೂ ನಿದ್ದೆ ಮಾಡಿದವರು ಸಿಗುತ್ತಾರೆ. ಎರಡನೆಯದು ಹೆಚ್ಚು ಮುಖ್ಯ. ಹಿಂದಿನ ರಾತ್ರಿ ಎಲ್ಲಿ ಓಡಿಸಿದ್ದರು ಅಂತ ನೇರವಾಗಿ ಕೇಳಿ.

ಜನವರಿಯಲ್ಲಿ ಇಲ್ಲಿ ಸೂರ್ಯ ಏಳರ ಒಳಗೆ ಮೂಡಿ, ಸಂಜೆ ಆರು ದಾಟಿ ಹತ್ತು ನಿಮಿಷಕ್ಕೆಲ್ಲ ಮುಳುಗುತ್ತಾನೆ. ಏಳಕ್ಕೆ ಹೊರಡಿ. ಗದಗ ಹೆದ್ದಾರಿ ಹಿಡಿದು ಭಾನಾಪುರದಲ್ಲಿ ಬಲಕ್ಕೆ ತಿರುಗಿದರೆ ಕುಕನೂರು. ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಗಳು ಮಹಾಮಾಯಿ ದೇವಸ್ಥಾನದ ಆವರಣದಲ್ಲೇ ಇವೆ. ಒಂಬತ್ತು ಗರ್ಭಗುಡಿ, ತಗ್ಗಾದ ಮಂಟಪ. ಒಳಗೆ ಕತ್ತಲು, ಟಾರ್ಚ್ ಬೇಕು. ಅಲ್ಲಿಂದ ಏಳು ಕಿಲೋಮೀಟರ್ ಇಟಗಿ.

ಇಟಗಿಗೆ ಒಂಬತ್ತೂವರೆಯೊಳಗೆ ಮುಟ್ಟಿ. ಮಹಾದೇವ ದೇವಾಲಯದ ಮುಖ ಪೂರ್ವಕ್ಕೆ. ಬೆಳಗಿನ ಓರೆ ಬಿಸಿಲು ಮುಖಮಂಟಪದ ಕಂಬಗಳ ಒಳಗೆ ಬೀಳುವಾಗ ಕಡೆದ ಗೆರೆಗಳು ಒಂದೊಂದೂ ಎದ್ದು ಕಾಣುತ್ತವೆ. ಮಧ್ಯಾಹ್ನಕ್ಕೆ ಹೋದರೆ ಅದೇ ಕಲ್ಲು ಸಪ್ಪೆ. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಅಲ್ಲಿನ ಶಾಸನವೇ ಇದನ್ನು ದೇವಾಲಯ ಚಕ್ರವರ್ತಿ ಅಂತ ಕರೆದಿದೆ. ಹಂಪಿಗೆ ಹತ್ತು ಸಲ ಹೋಗಿ ಇಟಗಿ ನೋಡದ ಕೊಪ್ಪಳದವರು ಇದ್ದಾರೆ ಅನ್ನುವುದು ಬೇಸರದ ಸಂಗತಿ. ಒಂದೂವರೆ ಗಂಟೆಯಾದರೂ ಇಲ್ಲಿಗೆ ಕೊಡಿ. ಚಾಲಕರಿಗೆ ನೆರಳಲ್ಲಿ ಮಲಗಲು ಇದೇ ಸರಿಯಾದ ಜಾಗ.

ಇಟಗಿಯಿಂದ ಲಕ್ಕುಂಡಿ 32 ಕಿಲೋಮೀಟರ್. ಈ ತುಂಡಿನಲ್ಲಿ, ಹಾಗೇ ಎಲ್ಲ ಹಳ್ಳಿ ದಾರಿಗಳಲ್ಲಿ, ಚಳಿಗಾಲದ ನಿಜವಾದ ಅಪಾಯ ರಸ್ತೆ ಮೇಲೆ ಹರವಿದ ಬೆಳೆ. ಹುರುಳಿ, ತೊಗರಿ ಕಟ್ಟಿಗೆಯನ್ನು ಗಾಡಿಗಳು ತುಳಿದು ಬಿಡಿಸಲಿ ಅಂತ ಡಾಂಬರಿನ ಮೇಲೆ ಹಾಸಿರುತ್ತಾರೆ. ಕ್ರೂಸರ್‌ನಲ್ಲಿ ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟ್ ಕೆಳಗೆ ಬಯಲಾಗಿದೆ. ಹುರುಳಿ ಬಳ್ಳಿ ಅದಕ್ಕೆ ನೂಲು ಸುತ್ತಿದ ಹಾಗೆ ಸುತ್ತಿಕೊಂಡು, ಸೈಲೆನ್ಸರ್ ಕಾವಿಗೆ ಹೊಗೆಯಾಡಿ ಬೆಂಕಿ ಹತ್ತುತ್ತದೆ. ಸಾಧ್ಯವಿದ್ದಲ್ಲಿ ಪಕ್ಕದಿಂದ ಹೋಗಬೇಕು. ಆಗದಿದ್ದರೆ ನಿಧಾನಕ್ಕೆ ದಾಟಿ, ಸ್ವಲ್ಪ ಮುಂದೆ ಬರಿ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಕೆಳಗೆ ಬಗ್ಗಿ ನೋಡಬೇಕು. ಸುತ್ತಿಕೊಂಡಿದ್ದರೆ ಸೈಲೆನ್ಸರ್ ಆರುವವರೆಗೆ ಕಾದು, ಕುಡುಗೋಲಿನಿಂದ ಕೊಯ್ದು ತೆಗೆಯಬೇಕು. ಸುಟ್ಟ ಹುಲ್ಲಿನ ವಾಸನೆ ಬಂದರೆ ಎಲ್ಲರನ್ನೂ ಮೊದಲು ಇಳಿಸಿ, ಆಮೇಲೆ ಕಾರಣ ಹುಡುಕಿ. ಬೆಂಕಿ ಆರಿಸುವ ಸಿಲಿಂಡರ್ ಗಾಡಿಯಲ್ಲಿದೆಯೇ, ಅದರ ಮುಳ್ಳು ಹಸಿರಿನಲ್ಲಿದೆಯೇ ಅಂತ ಬೆಳಿಗ್ಗೆಯೇ ನೋಡಿರಬೇಕು.

ಊಟಕ್ಕೆ ಬುತ್ತಿಯೇ ಮೇಲು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಎಣಗಾಯಿ ಮಧ್ಯಾಹ್ನದವರೆಗೆ ಕೆಡುವುದಿಲ್ಲ. ಮೊಸರನ್ನ ಕಟ್ಟಿದರೆ ಗಾಡಿಯ ಬಿಸಿಗೆ ಹುಳಿಯಾಗುತ್ತದೆ. 20 ಲೀಟರ್ ನೀರಿನ ಕ್ಯಾನನ್ನು ಅಡ್ಡ ಸೀಟಿನ ನಡುವೆ ಇಡಬೇಡಿ, ಬ್ರೇಕಿಗೆ ಉರುಳಿ ಕಾಲಿಗೆ ಬೀಳುತ್ತದೆ. ನಡುವಿನ ಸಾಲಿನ ಹಿಂಬದಿಗೆ ಒತ್ತಿ ಕಟ್ಟಿಸಿ. ದಾರಿಯಲ್ಲಿ ಹಸಿ ಕಡಲೆ ಗಿಡದ ಕಟ್ಟು ಸಿಗುತ್ತದೆ, ಸಿಪ್ಪೆಗೆ ಒಂದು ಚೀಲ ಇಟ್ಟುಕೊಳ್ಳಿ.

ಲಕ್ಕುಂಡಿಯಲ್ಲಿ ಕಾಶಿವಿಶ್ವೇಶ್ವರ, ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ, ಮುಸುಕಿನ ಬಾವಿ, ಈ ಮೂರು ನೋಡಿದರೆ ಮಧ್ಯಾಹ್ನ ತುಂಬುತ್ತದೆ. ಗಲ್ಲಿಗಳು ಇಕ್ಕಟ್ಟು, ಗಾಡಿ ಹೊರಗೇ ನಿಲ್ಲಿಸಿ ನಡೆಯಿರಿ. ನಾಲ್ಕೂವರೆಗೆ ಹೊರಟರೆ ಕತ್ತಲಾಗುವ ಮುಂಚೆ ಕೊಪ್ಪಳ. ಈ ಸಮಯವನ್ನು ಸಡಿಲ ಬಿಡಬೇಡಿ. ಕತ್ತಲಾದ ಮೇಲೆ ಹಿಂಬದಿ ದೀಪವಿಲ್ಲದ ಕಬ್ಬಿನ, ಹತ್ತಿಯ ಟ್ರಾಲಿಗಳು ರಸ್ತೆಗೆ ಇಳಿಯುತ್ತವೆ.

ಇದೇ ಗಾಡಿಯನ್ನು ರಾಯಚೂರು ಕಡೆ ಮಸ್ಕಿ, ಮುದಗಲ್ಲಿಗೂ ಹಿಡಿಯಬಹುದು. ಆದರೆ ಆ ದೂರಕ್ಕೆ ಅಡ್ಡ ಸೀಟು ಖಾಲಿ ಬಿಟ್ಟು ಆರೇಳು ಜನ ಹೋಗುವುದು ಒಳಿತು. ಮಂತ್ರಾಲಯ ಆಂಧ್ರಕ್ಕೆ ಸೇರಿದ್ದು. ಕರ್ನಾಟಕದೊಳಗಿನ ಪರ್ಮಿಟ್ ಮಾತ್ರ ಇರುವ ಗಾಡಿಗೆ ಅಲ್ಲಿ ಬೇರೆ ಪರ್ಮಿಟ್, ತೆರಿಗೆ ಬೇಕು. ಅದು ಯಾರ ಖರ್ಚು ಅಂತ ಹೊರಡುವ ಮುಂಚೆ ತೀರ್ಮಾನ ಆಗಿರಲಿ.

ಮರಳಿದ ಮೇಲೆ ಬೆಳಿಗ್ಗೆ ತುಂಬಿಸಿದ ಬಂಕಿನಲ್ಲೇ ಮತ್ತೆ ಟ್ಯಾಂಕ್ ತುಂಬಿಸಿ. ನಳಿಕೆ ತಾನಾಗಿ ಕಟ್ ಆದಾಗ ನಿಲ್ಲಿಸಿ, ಚಿಲ್ಲರೆ ಸರಿಮಾಡಲು ಮತ್ತೆ ಒತ್ತಿಸಬೇಡಿ. ಅಷ್ಟು ಲೀಟರಿನ ದುಡ್ಡನ್ನು ನೀವೇ ಬಂಕಿಗೆ ಕೊಡಿ. ದಿನದ ಬಾಡಿಗೆ, ಟೋಲ್ ಒಟ್ಟಿಗೆ ಮಾಲೀಕರಿಗೆ ಹೋಗಲಿ. ಭತ್ಯೆಯನ್ನು ಮಾತ್ರ ಚಾಲಕರ ಕೈಗೇ ಕೊಡಿ.