ಕಿಟ್ಟೋ, ಟೆಂಪ್ಲೇಟೋ, ಬರಿಗತ್ತರಿಯೋ: ಪಾಪ್-ಅಪ್ ಕಾರ್ಡಿಗೆ ನನ್ನ ಆಯ್ಕೆ

ತೆರೆದಾಗ ಒಳಗಿನ ಆಕೃತಿ ಎದ್ದು ನಿಲ್ಲುವ ಪಾಪ್-ಅಪ್ ಕಾರ್ಡು ಮಾಡುವ ಆಸೆ ಇದ್ದರೆ ಡ್ರಾಯಿಂಗ್ ಶೀಟು, ಕತ್ತರಿ, ಸ್ವಲ್ಪ ಗೋಂದು ಹಿಡಿದು ಕುಳಿತುಬಿಡಿ. ನಕ್ಷೆ ಬೇಡ, ಸ್ಕೇಲು ಬೇಡ. ಅಂಗಡಿಯ ಕಿಟ್, ಕತ್ತರಿಸುವ, ಮಡಚುವ ಗೆರೆಗಳನ್ನು ಪ್ರಿಂಟ್ ಹಾಕಿಸಿದ ಟೆಂಪ್ಲೇಟ್, ಮನಸ್ಸಿಗೆ ಬಂದಂತೆ ಕತ್ತರಿಸುವುದು, ಈ ಮೂರನ್ನೂ ಅಕ್ಕನ ಮಗಳ ಜೊತೆ ಕುಳಿತು ಮಾಡಿ ನೋಡಿದ್ದೇನೆ. ನನ್ನ ಮತ ಮೂರನೆಯದಕ್ಕೆ. ಉಳಿದೆರಡು ಏಕೆ ಹಿಂದೆ ಬಿದ್ದವು ಎಂದು ಹೇಳುತ್ತೇನೆ.

ಕಿಟ್ ತರಿಸಿದ್ದು ಆನ್‌ಲೈನ್‌ನಲ್ಲಿ, ಸುಮಾರು ₹600 ಕೊಟ್ಟು. ತೆರೆದರೆ ಎದ್ದು ನಿಲ್ಲುವ ಕೋಟೆ. ಕಾಗದ ಗಟ್ಟಿಯಾಗಿತ್ತು, ಲೇಸರಿನಲ್ಲಿ ಕತ್ತರಿಸಿದ ಕಿಟಕಿಗಳ ಅಂಚು ನುಣುಪಾಗಿತ್ತು. ಅದರಲ್ಲಿ ಎರಡು ಮಾತಿಲ್ಲ.

ತಕರಾರು ಅಂಟಿಸುವ ಹಂತದಲ್ಲಿ. ನಡುವಿನ ಗೋಪುರದ ಬುಡಕ್ಕೆ ಎಡಕ್ಕೊಂದು ಬಲಕ್ಕೊಂದು ಪಟ್ಟಿ ಕೊಟ್ಟು, ಅವಕ್ಕೆ ಮೊದಲೇ ಡಬಲ್ ಸೈಡ್ ಟೇಪ್ ಹಚ್ಚಿದ್ದರು. ಕಾರ್ಡನ್ನು ಪೂರ್ತಿ ತೆರೆದಿಟ್ಟು, ಅದರ ಮೇಲೆ ಹಾಕಿದ ತೆಳು ಗೆರೆಗೆ ಸರಿಯಾಗಿ ಎರಡೂ ಪಟ್ಟಿಗಳನ್ನು ಕೂರಿಸಬೇಕೆಂದು ಸೂಚನೆ. ಗೆರೆಗೆ ಸರಿಯಾಗಿಯೇ ಕೂರಿಸಿದೆವು ಎಂದುಕೊಂಡೆವು. ಕಾರ್ಡು ಮುಚ್ಚಲು ಹೋದರೆ ಅರ್ಧಕ್ಕೆ ನಿಂತಿತು. ಬಲಗಡೆಯ ಪಟ್ಟಿ ಒಂದೆರಡು ಮಿಲಿಮೀಟರ್ ಓರೆಯಾಗಿತ್ತು, ಅಷ್ಟೇ. ಒತ್ತಿ ಮುಚ್ಚಿದಾಗ ಗೋಪುರದ ನೆತ್ತಿಯಲ್ಲಿ ಬೇಡದ ಕಡೆ ಹೊಸ ಮಡಿಕೆ ಬಿತ್ತು. ಸರಿಪಡಿಸೋಣವೆಂದು ಟೇಪ್ ಎಬ್ಬಿಸಿದರೆ ಕಾರ್ಡಿನ ಬಣ್ಣದ ಪದರವೇ ಕಿತ್ತು ಬಂತು. ಗೋಂದಾಗಿದ್ದರೆ ಒಣಗುವ ಮೊದಲು ಸರಿಸಬಹುದಿತ್ತು. ಟೇಪಿಗೆ ಎರಡನೆಯ ಅವಕಾಶವೇ ಇಲ್ಲ. ಆರನೆಯ ತರಗತಿಯ ಹುಡುಗಿಯ ಮುಖ ಚಿಕ್ಕದಾಯಿತು. ಇದಕ್ಕೆ ನನಗೆ ನಿಜವಾಗಿಯೂ ಸಿಟ್ಟು ಬಂತು. ಮಕ್ಕಳ ಕೈಗೆ ಕೊಡುವ ವಸ್ತುವಿನಲ್ಲಿ ಇಂಥ ಬಿಗಿ ಇಡಬಾರದು.

ಆ ಬಿಗಿಯ ಅಗತ್ಯವೇ ಇಲ್ಲ ಎಂಬುದು ಇನ್ನೂ ಬೇಸರದ ಸಂಗತಿ. ಅದೇ ಗೋಪುರವನ್ನು ಅಳತೆಯಿಲ್ಲದೆ ಅಂಟಿಸುವ ದಾರಿ ಇದೆ. ನಿಲ್ಲಬೇಕಾದ ಆಕೃತಿಯನ್ನು ನಡುವೆ ಮಡಚಿ, ಬುಡದಲ್ಲಿ ಎರಡು ಪಟ್ಟಿ ಬಿಡಿ. ಆಕೃತಿಯ ನಡುಮಡಿಕೆಯ ಕೆಳತುದಿ ಕಾರ್ಡಿನ ನಡುಗೆರೆಗೆ ತಾಗಬೇಕು. ನೆನಪಿಡಬೇಕಾದದ್ದು ಅದೊಂದೇ. ಎಡಪಟ್ಟಿಯನ್ನು ನಿಮಗೆ ಚೆಂದ ಕಂಡಷ್ಟು ಓರೆಯಾಗಿ ಅಂಟಿಸಿ. ಆಕೃತಿಯನ್ನು ಮಡಚಿ ಎಡಪುಟದ ಮೇಲೆ ಚಪ್ಪಟೆ ಮಲಗಿಸಿ, ಮೇಲೆ ಕಾಣುವ ಬಲಪಟ್ಟಿಗೆ ಗೋಂದು ಹಚ್ಚಿ, ಬಲಪುಟವನ್ನು ಅದರ ಮೇಲೆ ಮುಚ್ಚಿ ಒತ್ತಿ. ಪಟ್ಟಿ ಎಲ್ಲಿ ಕೂರಬೇಕೋ ಅಲ್ಲೇ ಕೂರುತ್ತದೆ. ಮುಚ್ಚಿದ ಸ್ಥಿತಿಯಲ್ಲೇ ಅಂಟಿದ್ದರಿಂದ ಮುಂದೆ ಮುಚ್ಚುವಾಗ ತಡೆಯುವ ಪ್ರಶ್ನೆಯೇ ಬರುವುದಿಲ್ಲ. ಅಂಚಿನಿಂದ ಹೊರಗೆ ಇಣುಕಿದ ಭಾಗವನ್ನು ಆಗಲೇ ಕತ್ತರಿಸಿಬಿಟ್ಟರಾಯಿತು. ಕಿಟ್‌ನ ಪುಸ್ತಿಕೆಯಲ್ಲಿ ಈ ಉಪಾಯದ ಒಂದು ಸಾಲೂ ಇರಲಿಲ್ಲ.

ಟೆಂಪ್ಲೇಟಿನ ವಿಷಯ ಬೇರೆ. ಒಂದೇ ಹಾಳೆಯನ್ನು ಸೀಳಿ ಮಡಚಿ ಕಟ್ಟಡ ಎಬ್ಬಿಸುವ ಶೈಲಿಯನ್ನು 1980ರ ದಶಕದ ಆರಂಭದಲ್ಲಿ ರೂಪಿಸಿದವರು ಜಪಾನಿನ ವಾಸ್ತುಶಿಲ್ಪಿ ಮಸಾಹಿರೊ ಚಾತಾನಿ. 90 ಡಿಗ್ರಿ ತೆರೆದಾಗ ಬಿಳಿ ಕಾಗದದಲ್ಲೇ ಮೆಟ್ಟಿಲು, ಕಮಾನು, ಅವುಗಳ ನೆರಳು ಮೂಡುವುದನ್ನು ಕಂಡರೆ ಕೈಮುಗಿಯಬೇಕೆನಿಸುತ್ತದೆ. ಆದರೆ ಅದಕ್ಕೆ ಹರಿತವಾದ ಕಟರ್, ಕೆಳಗೆ ಹಾಸಲು ಕಟಿಂಗ್ ಮ್ಯಾಟ್, ಬೇರಾರೂ ಕರೆಯದ ಒಂದು ಸಂಜೆ ಬೇಕು. ಮಕ್ಕಳ ಕೈಗೆ ಕಟರ್ ಕೊಡಲಾರೆ. ಹಾಗಾಗಿ ನಾನು ಕತ್ತರಿಸುವುದು, ಅವಳು ನೋಡುವುದು ಎಂದಾಯಿತು. ಜೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟಿನಲ್ಲಿ ಗಾಢ ಬಣ್ಣವಿದ್ದ ಕಡೆ ಮಡಚಿದರೆ ಬಣ್ಣ ಉದುರಿ ಬಿಳಿ ಗೆರೆ ಕಾಣುತ್ತದೆ. ಮಳೆಗಾಲದಲ್ಲಂತೂ ನಮ್ಮ ಕರಾವಳಿಯ ತೇವಕ್ಕೆ ಆ ಸಣ್ಣ ಸಣ್ಣ ಪಟ್ಟಿಗಳೆಲ್ಲ ಮೆತ್ತಗಾಗಿ ಬಾಗುತ್ತವೆ.

ಇನ್ನು ಬರಿಗತ್ತರಿ. ಹಾಳೆಯನ್ನು ಮಡಚಿಯೇ ಕತ್ತರಿಸುವುದರಿಂದ ಎರಡೂ ಬದಿ ತಾನಾಗಿ ಸಮವಾಗುತ್ತದೆ. ಮಡಿಕೆಯ ಕಡೆಯಿಂದ ಎರಡು ಸೀಳು ಹಾಕಿ, ನಡುವಿನ ಪಟ್ಟಿಯ ಬುಡವನ್ನು ಹಿಂದೆ ಮುಂದೆ ಮಡಚಿ, ಒಳಗಿನಿಂದ ತಳ್ಳಿದರೆ ಪೆಟ್ಟಿಗೆಯಂತೆ ಮುಂದೆ ಬರುತ್ತದೆ. ಅದೇ ಕುರ್ಚಿ, ಅದೇ ಅಂಗಡಿಯ ಕಟ್ಟೆ, ಅದೇ ಮೆಟ್ಟಿಲು. ಸೀಳು ನೆಟ್ಟಗಿರಬೇಕೆಂದಿಲ್ಲ. ಒಂದು ಗಿಡ್ಡ ಇನ್ನೊಂದು ಉದ್ದ ಆದರೆ ಪಟ್ಟಿ ಓರೆಯಾಗಿ ಎದ್ದು, ಮಾಡಿನ ಇಳಿಜಾರು ಸಿಗುತ್ತದೆ. ಅಲೆಯಲೆಯಾಗಿ ಕತ್ತರಿಸಿದರೂ ಅದು ಏಳುತ್ತದೆ.

ನನಗೆ ಅತಿ ಇಷ್ಟವಾದದ್ದು ಒಂದೇ ಸೀಳಿನ ಬಾಯಿ. ಮಡಿಕೆಯ ನಡುವೆ ಒಂದು ಸೀಳು ಹಾಕಿ, ಮೇಲೊಂದು ಕೆಳಗೊಂದು ತ್ರಿಕೋನ ಮಡಚಿ ಒಳಕ್ಕೆ ತಳ್ಳಿದರೆ, ಕಾರ್ಡು ತೆರೆದಾಗಲೆಲ್ಲ ಬಾಯಿ ತೆರೆಯುತ್ತದೆ. ಮೊದಲು ಬಾಯಿ, ಆಮೇಲೆ ಯಾರ ಬಾಯಿ ಎಂಬ ಯೋಚನೆ. ಅವಳು ಮೊದಲು ಕಪ್ಪೆ ಎಂದಳು. ಸೀಳು ಸ್ವಲ್ಪ ದೊಡ್ಡದಾಗಿದ್ದರಿಂದ ಅದು ಬಕಾಸುರನಾಯಿತು. ಪಕ್ಕದಲ್ಲಿ ಎರಡು ಸೀಳಿನ ಪೆಟ್ಟಿಗೆಯೊಂದನ್ನು ಎಬ್ಬಿಸಿ, ಅದನ್ನು ಅನ್ನದ ಬಂಡಿ ಮಾಡಿದಳು. ಮೀಸೆಗೆ ಕಪ್ಪು ದಾರ. ಕಿಟ್‌ನಲ್ಲಿ ಕೋಟೆ ಕೋಟೆಯೇ ಆಗಬೇಕು. ಇಲ್ಲಿ ಕತ್ತರಿ ಹೋದ ಕಡೆಗೆ ಕಥೆಯೂ ಹೋಗುತ್ತದೆ.

ಕಾಗದದ ಬಗ್ಗೆ ಒಂದು ಮಾತು. 70 ಅಥವಾ 80 ಜಿಎಸ್‌ಎಂನ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ) ಮಾಮೂಲು ಎ4 ಹಾಳೆ ಅಭ್ಯಾಸಕ್ಕೆ ಸಾಕು, ನಿಲ್ಲಲು ಸಾಲದು. 150ರಿಂದ 200 ಜಿಎಸ್‌ಎಂ ಹದವಾಗಿರುತ್ತದೆ. ಹಳೆಯ ಲಗ್ನಪತ್ರಿಕೆಗಳನ್ನು ಎಸೆಯಬೇಡಿ. ಮುಗಿದುಹೋದ ರೀಫಿಲ್ಲಿನಿಂದ ಒಮ್ಮೆ ಗೆರೆ ಒತ್ತಿ ಮಡಚಿದರೆ ಅವು ಬಿರಿಯದೆ ಮಡಚಿಕೊಳ್ಳುತ್ತವೆ. ಚಿನ್ನದ ಬಣ್ಣದ ಗಣಪತಿ, ಬಾಳೆಕಂಬ ಎಲ್ಲವೂ ಪುಕ್ಕಟೆ. ಗೋಂದು ತೆಳುವಾಗಿರಲಿ, ಹೆಚ್ಚಾದರೆ ಹಾಳೆ ಸುಕ್ಕುಗಟ್ಟುತ್ತದೆ.

ಗೆಳೆಯರ ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಕೊಡಬೇಕಿದ್ದರೆ ನಾನು ಈಗಲೂ ಟೆಂಪ್ಲೇಟ್ ಹಿಡಿಯುತ್ತೇನೆ. ಆ ಅಚ್ಚುಕಟ್ಟು ಬರಿಗತ್ತರಿಗೆ ಬರುವುದಿಲ್ಲ. ಕಿಟ್ ಮಾತ್ರ ಇನ್ನು ತರಿಸುವುದಿಲ್ಲ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಸಿಗುವ, ತಿಂಗಳಿಗೆ ನೂರು ರೂಪಾಯಿಗಿಂತ ಹೆಚ್ಚು ಇದಕ್ಕೆ ಎತ್ತಿಡಲಾಗದ ನನ್ನಂಥವರಿಗೆ ₹600ರಲ್ಲಿ ವರ್ಷಕ್ಕಾಗುವಷ್ಟು ಡ್ರಾಯಿಂಗ್ ಶೀಟು ಬರುತ್ತದೆ.