ಜಿಪ್ಸಿ ಮಾರಿ ಎಸ್ಟೀಮ್ ತಂದೆ: ತೋಟದ ರಸ್ತೆಯ ರ್ಯಾಲಿಗೆ ಯಾವ ಗಾಡಿ?

ಮೊದಲೇ ಹೇಳಿಬಿಡುತ್ತೇನೆ, ಮಾರುತಿಯ ಎರಡು ಹಳೇ ಗಾಡಿಗಳಲ್ಲಿ, ಅಂದರೆ ಜೀಪಿನಂಥ ಜಿಪ್ಸಿ ಮತ್ತು ಎಸ್ಟೀಮ್ ಕಾರಿನಲ್ಲಿ, ನಾನು ಎಸ್ಟೀಮ್ ಕಡೆಯವನು. ಜಿಪ್ಸಿ ಅಭಿಮಾನಿಗಳು ಬೈದರೂ ಪರವಾಗಿಲ್ಲ. ಎರಡು ವರ್ಷ ನಾನೂ ಅದೇ ಗುಂಪಿನಲ್ಲಿದ್ದೆ.

ಚಿಕ್ಕಮಗಳೂರು ಕಡೆ ರ್ಯಾಲಿ ಹುಚ್ಚು ಹತ್ತಿದವನ ಕಣ್ಣಿಗೆ ಮೊದಲು ಬೀಳುವುದೇ ಜಿಪ್ಸಿ. ಯಾವುದೋ ತೋಟದ ಶೆಡ್ಡಿನಲ್ಲಿ ಒಂದು ನಿಂತಿರುತ್ತದೆ. ರ್ಯಾಲಿ ಚಾಂಪಿಯನ್ ಹರಿ ಸಿಂಗ್ ಜಿಪ್ಸಿ ಓಡಿಸಿದ ಕಥೆ ಹೇಳುವ ಒಬ್ಬ ಅಣ್ಣ ಪ್ರತಿ ಊರಿನಲ್ಲೂ ಇರುತ್ತಾನೆ. ನಾನೂ ಸಾಲ ಮಾಡಿ, ಪೆಟ್ರೋಲ್ ಇಂಜೆಕ್ಷನ್ ಇರುವ ಎಂಪಿಎಫ್‌ಐ ಜಿಪ್ಸಿ ತಂದೆ, ಮಗುಚಿದರೆ ಕಾಪಾಡುವ ಕಬ್ಬಿಣದ ಚೌಕಟ್ಟು, ಅಂದರೆ ರೋಲ್ ಕೇಜ್ ಹಾಕಿಸಿದೆ, ಎರಡು ಸೀಸನ್ ಓಡಿಸಿದೆ. ಗಾಡಿ ಒಂದು ಸಲವೂ ಕೈ ಕೊಡಲಿಲ್ಲ. ಆದರೆ ಸ್ಟೇಜ್ ಟೈಮ್, ಅಂದರೆ ರ್ಯಾಲಿಯ ಒಂದೊಂದು ಹಂತ ಮುಗಿಸಲು ಹಿಡಿದ ಹೊತ್ತು, ನೋಡಿದರೆ ನಾಚಿಕೆ ಆಗುತ್ತಿತ್ತು.

ತಮಾಷೆ ಏನೆಂದರೆ, ಎರಡರಲ್ಲೂ ಇರುವುದು ಒಂದೇ ಮನೆತನದ 1298 ಸಿಸಿ ಇಂಜಿನ್. ಜಿಪ್ಸಿಯಲ್ಲಿ 80 ಕುದುರೆ ಶಕ್ತಿ, 16 ವಾಲ್ವಿನ ಎಸ್ಟೀಮ್‌ನಲ್ಲಿ 85. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ದೂರವೂ ಹೆಚ್ಚುಕಡಿಮೆ ಒಂದೇ. ಮತ್ತೆ ವ್ಯತ್ಯಾಸ ಎಲ್ಲಿ ಬಂತು? ತೂಕದಲ್ಲಿ, ಕಾಲಲ್ಲಿ.

ಜಿಪ್ಸಿಯದು ಲಾರಿಯ ಕಾಲು. ಅಡಿಯಲ್ಲಿ ಬೇರೆ ಚಾಸಿಸ್, ಮುಂದೆ ಹಿಂದೆ ಎರಡೂ ಕಡೆ ಕಮಾನು ಪಟ್ಟಿ, ಎಡ ಬಲ ಚಕ್ರಗಳ ನಡುವೆ ಒಂದೇ ಗಟ್ಟಿ ಆಕ್ಸಲ್. ಎಡಚಕ್ರ ಕಲ್ಲು ಹತ್ತಿದರೆ ಬಲಚಕ್ರವೂ ವಾಲುತ್ತದೆ. ಆ ಭಾರದ ಆಕ್ಸಲ್ ಕುಣಿಯುವಾಗ ಟೈರು ನೆಲ ಬಿಟ್ಟು ಗಾಳಿಯಲ್ಲಿರುವ ಹೊತ್ತೇ ಜಾಸ್ತಿ. ಗಾಳಿಯಲ್ಲಿರುವ ಟೈರಿಗೆ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ. ಒಳ್ಳೆಯ ಶಾಕ್ ಅಬ್ಸಾರ್ಬರ್ ಹಾಕಿ ಕಮ್ಮಿ ಮಾಡಬಹುದು, ನಾನೂ ಹಾಕಿದ್ದೆ. ಸ್ಟೇರಿಂಗ್ ಕೈ ಒದೆಯುವುದು ಮಾತ್ರ ನಿಲ್ಲಲಿಲ್ಲ. ಇದು ಜಿಪ್ಸಿಯ ತಪ್ಪಲ್ಲ ಬಿಡಿ, ಅದನ್ನು ಮಾಡಿದ್ದೇ ಬೇರೆ ಕೆಲಸಕ್ಕೆ. ಜುಲೈ ತಿಂಗಳ ಗದ್ದೆ ಕೆಸರಲ್ಲಿ ಆಟೋಕ್ರಾಸ್ ಓಟ ಇದ್ದರೆ ಅದರ ಮುಂದೆ ನನ್ನ ಎಸ್ಟೀಮ್ ಮಣ್ಣಿನ ಗೊಂಬೆ.

ಎಸ್ಟೀಮ್ ನೂರು ಕೆಜಿಗಿಂತ ಜಾಸ್ತಿ ಹಗುರ. ನಾಲ್ಕೂ ಚಕ್ರಕ್ಕೆ ಬೇರೆ ಬೇರೆ ಸ್ಟ್ರಟ್, ಅಂದರೆ ಸ್ಪ್ರಿಂಗ್, ಶಾಕ್ ಒಟ್ಟಿಗಿರುವ ಕಂಬ. ಮೊದಲ ದಿನ ತೋಟದ ರಸ್ತೆಯಲ್ಲಿ ಓಡಿಸಿದಾಗ ನಗು ಬಂತು, ಅದೇ ತಿರುವಿಗೆ ಒಂದು ಗೇರ್ ಮೇಲೆ ಹೋಗುತ್ತಿದ್ದೆ. ಪಕ್ಕದಲ್ಲಿ ಕೂತು ದಾರಿ ಹೇಳುವ ನನ್ನ ನ್ಯಾವಿಗೇಟರ್, ಅಂದರೆ ಹೆಂಡತಿಯ ತಮ್ಮ, ನಗಲಿಲ್ಲ. ಸೀಟು ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಈಗ ನನ್ನ ಒಂದು ಸೀಸನ್ ತಿಂದ ಸಂಗತಿಗೆ ಬರುತ್ತೇನೆ. ಎಸ್ಟೀಮ್ ನೆಲಕ್ಕೆ ಹತ್ತಿರ. ತೋಟದ ರಸ್ತೆಯಲ್ಲಿ ಮಧ್ಯದ ದಿಬ್ಬ, ಮುಷ್ಟಿ ಗಾತ್ರದ ಕಲ್ಲು. ಎತ್ತರ ಬೇಕು ಅಂತ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿನವರು ಸ್ಟ್ರಟ್ ತಲೆಯ ಮೇಲೆ ಎರಡು ಇಂಚಿನ ಸ್ಪೇಸರ್, ಅಂದರೆ ಎತ್ತರಿಸುವ ಬಿಲ್ಲೆ, ಕೂರಿಸಿ ಕೊಟ್ಟರು. ಅರ್ಧ ದಿನದ ಕೆಲಸ, ಅಗ್ಗ, ಗಾಡಿ ನೋಡೋಕೂ ಗತ್ತು. ಬಹಳ ಖುಷಿಯಾಯಿತು.

ಒಂದು ವಾರಕ್ಕೆ ಸ್ಟೇರಿಂಗ್ ತಿರುಗಿಸಿದರೆ ಟಿಕ್ ಟಿಕ್ ಶಬ್ದ. ಗೇರ್ ಬಾಕ್ಸಿನಿಂದ ಚಕ್ರ ತಿರುಗಿಸುವ ದಂಡ, ಅಂದರೆ ಡ್ರೈವ್ ಶಾಫ್ಟಿನ ಜಾಯಿಂಟು ಮುಚ್ಚುವ ರಬ್ಬರ್ ಬೂಟ್ ಹರಿದು ಗ್ರೀಸ್ ಎಲ್ಲ ರಿಮ್ಮಿಗೆ ಹಾರಿತ್ತು. ಒಳಗೆ ಕೆಂಪು ಧೂಳು ಹೋಗಿ ಜಾಯಿಂಟಿಗೆ ಲೋಹ ಉಜ್ಜಿ ಸವೆಸುವ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿದ ಹಾಗಾಗಿತ್ತು. ಹೊಸದು ಹಾಕಿದೆ. ಅದೂ ಹೋಯಿತು. ಮಾಲು ಸರಿ ಇಲ್ಲ ಅಂದುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬೇರೆ ತಂದೆ. ಮೂರನೆಯದು ಸ್ಪರ್ಧೆಯಲ್ಲೇ ಕೈ ಕೊಟ್ಟಿತು. ಒಂದು ದಿಬ್ಬ ಹಾರಿ ಇಳಿದೆವು. ಇಂಜಿನ್ ಕಿರುಚುತ್ತಿದೆ, ಗಾಡಿ ಅಲ್ಲೇ ಇದೆ. ಗೇರ್ ಬಾಕ್ಸ್ ಹೋಯಿತು ಅಂತ ತಲೆ ಮೇಲೆ ಕೈ ಹೊತ್ತೆ. ಹುಡುಗ ಕೆಳಗೆ ಬಗ್ಗಿ ನೋಡಿ, ‘ಭಾವ, ಹೃದಯ ಚೆನ್ನಾಗಿದೆ, ಕಾಲು ಕಳಚಿದೆ’ ಅಂದ.

ಕಾರಣ ಹೇಳಿದ್ದು ನಮ್ಮೂರಿನ ಹಳೇ ಮೇಸ್ತ್ರಿ. ಗಾಡಿಯನ್ನು ಜಾಕ್ ಮೇಲೆ ಎತ್ತಿ, ಚಕ್ರ ಪೂರ್ತಿ ಜೋತು ಬಿದ್ದ ಮೇಲೆ, ‘ಶಾಫ್ಟ್ ನೋಡಿ ಸಾರ್, ಏಣಿ ಇಟ್ಟ ಹಾಗಿದೆ’ ಅಂದರು. ಶಾಫ್ಟಿನ ಗೇರ್ ಬಾಕ್ಸ್ ಕಡೆಯ ಜಾಯಿಂಟು ಒಂದು ಬಟ್ಟಲಿನೊಳಗೆ ಹಿಂದೆ ಮುಂದೆ ಜಾರುತ್ತದೆ. ಚಕ್ರ ಎಷ್ಟು ಕೆಳಗೆ ಇಳಿಯಬಹುದು ಅನ್ನುವುದನ್ನು ಸ್ಟ್ರಟ್ಟಿನ ಉದ್ದ ತೀರ್ಮಾನಿಸುತ್ತದೆ. ತಲೆಯ ಮೇಲೆ ಸ್ಪೇಸರ್ ಇಟ್ಟರೆ ಇಡೀ ಸ್ಟ್ರಟ್ಟೇ ಕೆಳಗೆ ಬಂದ ಹಾಗೆ. ಗಾಡಿ ಹಾರಿದಾಗ ಚಕ್ರ ಇಳಿಯಬಾರದಷ್ಟು ಇಳಿಯುತ್ತದೆ, ಶಾಫ್ಟ್ ಬಟ್ಟಲಿನಿಂದ ಈಚೆ ಬರುತ್ತದೆ. ಹಾರದೆ ಸುಮ್ನೆ ಓಡುವಾಗಲೂ ಜಾಯಿಂಟು ಸೊಟ್ಟಗೇ ತಿರುಗುತ್ತಿರುತ್ತದೆ. ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ಅಂದರೆ ಆ ಮೂರೂ ಶಾಫ್ಟ್ ಸರಿಯಾಗೇ ಇದ್ದವು.

ಸ್ಪೇಸರ್ ಕಿತ್ತು ಬಿಸಾಕಿದೆವು. ಅದೇ ಉದ್ದದ ಸ್ಟ್ರಟ್ಟಿಗೆ ಗಟ್ಟಿ ಸ್ಪ್ರಿಂಗ್ ಹಾಕಿ ಒಂದೇ ಇಂಚು ಎತ್ತಿದೆವು. ಹೀಗೆ ಮಾಡಿದರೆ ಗಾಡಿ ಎತ್ತರ ನಿಲ್ಲುತ್ತದೆ, ಆದರೆ ಚಕ್ರ ಜೋತು ಬೀಳುವ ಮಿತಿ ಕಂಪನಿಯಿಂದ ಬಂದಷ್ಟೇ ಇರುತ್ತದೆ. ಕಳೆದುಕೊಂಡ ಒಂದು ಇಂಚಿಗೆ ಬದಲಾಗಿ ಇಂಜಿನ್ ಅಡಿಗೆ ಕಲ್ಲು ತಡೆಯುವ ದಪ್ಪ ಸಂಪ್ ಗಾರ್ಡ್. ಆಮೇಲೆ ಶಾಫ್ಟ್ ಕಳಚಿಲ್ಲ. ಆದರೂ ಎರಡು ಸ್ಪೇರ್ ಶಾಫ್ಟ್ ಜೊತೆಗಿರುತ್ತವೆ, ಬದಲಾಯಿಸುವುದನ್ನು ಮನೆ ಅಂಗಳದಲ್ಲಿ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿದ್ದೇವೆ. ಶಾಫ್ಟ್ ಎಳೆದ ಕೂಡಲೇ ಗೇರ್ ಆಯಿಲ್ ಸುರಿಯುತ್ತದೆ, ಒಂದು ಡಬ್ಬಿ ಆಯಿಲ್ ಮತ್ತು ಸೀಲ್ ಇಟ್ಟುಕೊಳ್ಳಿ. ಮೊದಲ ಸಲ ನಾವು ಶಾಫ್ಟ್ ಒಯ್ದಿದ್ದೆವು, ಆಯಿಲ್ ಒಯ್ದಿರಲಿಲ್ಲ. ಅಕ್ಕಪಕ್ಕದ ಟೀಮುಗಳ ಹತ್ತಿರ ಬಾಟಲಿ ಹಿಡಿದು ಸಾಲ ಕೇಳುತ್ತಾ ತಿರುಗಿದ್ದು ಇನ್ನೂ ನೆನಪಿದೆ.

ಬಾಡಿ ವಿಷಯ: ಎಸ್ಟೀಮ್ ತಗಡು ತೆಳ್ಳಗೆ. ಮುಂದಿನ ಸ್ಟ್ರಟ್ ಕೂರುವ ಜಾಗಕ್ಕೆ ಹೆಚ್ಚಿನ ಪ್ಲೇಟ್ ಕೊಟ್ಟು, ಜೋಡಣೆಗಳಿಗೆ ವೆಲ್ಡಿಂಗ್ ಮಾಡಿಸಲೇಬೇಕು. ಜಿಪ್ಸಿಗೆ ಈ ತಲೆನೋವಿಲ್ಲ.

ಬ್ರೇಕ್: ಎಸ್ಟೀಮಿನದೇ ಮೇಲು. ಧೂಳು: ಎರಡಕ್ಕೂ ಒಂದೇ ಪಾಡು, ಏರ್ ಫಿಲ್ಟರ್ ದಿನಕ್ಕೊಂದು ಸಲ ಬಿಚ್ಚಿ.

ಫೋಕ್ಸ್‌ವ್ಯಾಗನ್ ಪೋಲೊ ಕಾರು ಯಾಕೆ ಬೇಡ ಅಂತ ಕೇಳುವವರಿಗೆ: ಬೆಂಗಳೂರಿನ ಗೆಳೆಯನ ಗಾಡಿಯನ್ನು ಒಂದು ಮಧ್ಯಾಹ್ನ ಓಡಿಸಿದ್ದೇನೆ. ಬಾಡಿ ಬಂಡೆಯ ಹಾಗೆ, ಬ್ರೇಕ್ ಬೇರೆ ಲೋಕದ್ದು. ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಅಷ್ಟೊಂದು ಪೋಲೊ ಓಡಿದ್ದು ಸುಮ್ನೆ ಅಲ್ಲ. ಆದರೆ ಅವನ ಸರ್ವಿಸ್ ಜಾಗದಲ್ಲಿ ಮೊದಲು ತೆರೆಯುವುದು ಲ್ಯಾಪ್‌ಟಾಪ್, ನಮ್ಮಲ್ಲಿ ಸ್ಪ್ಯಾನರ್ ಡಬ್ಬಿ. ಅವನ ಒಂದು ಸೆಟ್ ಸಸ್ಪೆನ್ಶನ್ ದುಡ್ಡಿನಲ್ಲಿ ನನ್ನ ಇಡೀ ಎಸ್ಟೀಮ್ ಬಂದಿದೆ.

ನಾನು ವರ್ಷಕ್ಕೆ ಎರಡು ಮೂರು ಸ್ಪರ್ಧೆಗೆ ಹೋಗುವವನು, ಅದೂ ಕಾಫಿ ಕೊಯ್ಲು ಇಲ್ಲದ ತಿಂಗಳಲ್ಲಿ. ಪ್ರಾಯೋಜಕರು ಯಾರೂ ಇಲ್ಲ, ಇಂಜಿನ್ ಇಳಿಸುವುದೂ ಮನೆ ಶೆಡ್ಡಿನಲ್ಲೇ. ನನಗೆ ಎಸ್ಟೀಮ್ ಸಾಕು. ನಿಮ್ಮದು ಬರೀ ಕೆಸರಿನ ಆಟವಾಗಿದ್ದರೆ, ಇಲ್ಲವೇ ಅದೇ ಗಾಡಿಯಲ್ಲಿ ಗೊಬ್ಬರವೂ ಸಾಗಬೇಕೆಂದರೆ ಜಿಪ್ಸಿ ತನ್ನಿ. 2019ರಲ್ಲಿ ಜನರಿಗೆ ಮಾರುವುದು ನಿಂತ ಮೇಲೆ ಚೆನ್ನಾಗಿರುವ ಜಿಪ್ಸಿಗೆ ಕೇಳಿದ್ದೇ ರೇಟು. ನನಗೂ ಅದರಿಂದ ಲಾಭವೇ ಆಯಿತು ಅನ್ನಿ, ಎಸ್ಟೀಮ್ ಕೊಂಡು, ಶಾಫ್ಟ್ ಬದಲಾಯಿಸಿ, ಇನ್ನೂ ಟೈರಿಗೆ ಉಳಿಯಿತು.

ಎಸ್ಟೀಮ್ ಹುಡುಕಲು ಹೊರಟರೆ ಬಣ್ಣ ನೋಡಬೇಡಿ. ಬಾನೆಟ್ ಎತ್ತಿ ಸ್ಟ್ರಟ್ ಕೂರುವ ಜಾಗದಲ್ಲಿ ಬಿರುಕು ಇದೆಯಾ, ಹಿಂದಿನ ಚಕ್ರದ ಮೇಲೆ ಒಳಬದಿಗೆ ತುಕ್ಕು ತಿಂದಿದೆಯಾ ಅಂತ ಟಾರ್ಚ್ ಹಾಕಿ ನೋಡಿ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಒಂದು ಸುತ್ತು ಹಾಕಿ. ಟಿಕ್ ಟಿಕ್ ಕೇಳಿಸಿದರೆ ಚೌಕಾಶಿ ಅಲ್ಲಿಂದ ಶುರು ಮಾಡಿ.